ಓಬಳೇಶ ಕಟ್ಟಿದ ಕಮಾನು

ಕಮ್ಮಾರ ಓಬಳೇಶ ತನ್ನ ತಂಗಿಯ ಗಂಡನನ್ನು ಕೊಂದ ಎಂದು ಆದೋನಿಯ ಪೇಟೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಕತ್ತಿ ಹಿಡಿದು ಕೊಲ್ಲಲಿಲ್ಲ, ಜೀಪಿಗೆ ಕೆಟ್ಟ ಕಮಾನು ಕಟ್ಟಿ ಕೊಂದ ಎಂದು. ಪೊಲೀಸರ ಕಾಗದದಲ್ಲೂ ಹಾಗೇ ಇದೆ. ಆ ಕಾಗದ ಬರೆದವನು ನಾನು. ಸಾಹುಕಾರ ಚಂದ್ರಣ್ಣನವರ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಗುಮಾಸ್ತ, ಹೆಸರು ಏಕಾಂತಪ್ಪ. ನನ್ನ ಅಕ್ಷರ ದುಂಡಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ದುಂಡಗೆ ಬರೆದ ಸುಳ್ಳನ್ನು ಯಾರೂ ಎರಡನೇ ಸಲ ಓದುವುದಿಲ್ಲ ಎಂಬುದು ನನಗೆ ಮೊದಲೇ ಗೊತ್ತಿತ್ತು.

ಓಬಳೇಶ ಮಾತು ಕಡಿಮೆಯ, ಮೂಗಿನ ತುದಿಯಲ್ಲೇ ಸಿಟ್ಟಿರುವ ಮನುಷ್ಯ. ಅಪ್ಪ ಬೇಗ ಸತ್ತ. ಕುಲುಮೆ ಇವನ ಪಾಲಿಗೆ ಬಂದಾಗ ತಿದಿ ಒತ್ತಲು ಇದ್ದವಳು ತಂಗಿ ಸುಂಕಮ್ಮ ಒಬ್ಬಳೇ. ಯುದ್ಧದ ಕಾಲದಲ್ಲಿ ಅವನು ಮಿಲಿಟರಿಯವರ ವರ್ಕ್‌ಶಾಪಿಗೆ ಹೋಗಿ ನಾಲ್ಕು ವರ್ಷ ಲಾರಿಗಳ ಕಮಾನು ಕಟ್ಟುವುದನ್ನು ಕಲಿತು ಬಂದ. ಪಟ್ಟಿಯ ಮೇಲೆ ಪಟ್ಟಿ ಜೋಡಿಸಿ ಬಿಗಿದು, ಗಾಡಿಯ ಭಾರವನ್ನೆಲ್ಲ ಹೊರುವ ಉಕ್ಕಿನ ಬಿಲ್ಲು ಅದು. ಬಂಡಿ ಚಕ್ರಕ್ಕೆ ಹಳಿ ಹಾಕುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದರು. ಉಕ್ಕಿಗೆ ಹದ ಕೊಡಬಲ್ಲವನು ಎಮ್ಮಿಗನೂರಿನಿಂದ ಆಸ್ಪರಿಯವರೆಗೆ ಅವನೊಬ್ಬನೇ. ಒಂದೊಂದು ಪಟ್ಟಿಯನ್ನೂ ಹಗ್ಗಕ್ಕೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದ. ಗಟ್ಟಿ ಪಟ್ಟಿ ಖಣ್ಣೆಂದು ಉಲಿದು ದನಿ ಎಳೆಯುತ್ತಿತ್ತು. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಅಲ್ಲೇ ಸಾಯುತ್ತಿತ್ತು.

"ಬಿರುಕು ಕಣ್ಣಿಗೆ ಸಿಗೂದಿಲ್ಲ, ಕಿವಿಗೆ ಸಿಗತೈತಿ," ಎನ್ನುತ್ತಿದ್ದ. ತಿದಿಯ ಹಿಂದೆ ಕೂತ ಸುಂಕಮ್ಮನೂ ತಲೆ ಓರೆ ಮಾಡಿ ಕೇಳುತ್ತಿದ್ದಳು. ಅವಳಿಗೆ ಮದುವೆಯಾಗುವವರೆಗೂ ಇದು ನಡೆಯಿತು.

ಆದೋನಿ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರಕ್ಕೆ ಸೇರಿದ ಮರುವರ್ಷ ನಮ್ಮ ಸಾಹುಕಾರರು ಮಿಲಿಟರಿ ಹರಾಜಿನಲ್ಲಿ ಒಂದು ಜೀಪು ಹಿಡಿದರು. ಕೌತಾಳಂ ಕಡೆಯ ಎರೆ ಹೊಲಗಳಿಗೆ ತಾವೇ ಹೋಗಿ ಹತ್ತಿ ಕೊಳ್ಳಬೇಕೆಂಬುದು ಅವರ ಆಸೆ. ಆದರೆ ಅಲ್ಲಿಯ ದಾರಿ ಎಂದರೆ ಬಂಡಿ ಜಾಡು. ಮೊಣಕಾಲುದ್ದದ ಎರಡು ಕೊರಕಲು, ನಡುವೆ ದಿಬ್ಬ. ಮೊದಲ ದಿನವೇ ಜೀಪಿನ ಹೊಟ್ಟೆ ದಿಬ್ಬಕ್ಕೆ ಕೂತು, ಎತ್ತು ಕಟ್ಟಿ ಎಳೆಸಬೇಕಾಯಿತು. ಊರು ನಕ್ಕಿತು. ಸಾಹುಕಾರರು ಓಬಳೇಶನನ್ನು ಕರೆಸಿ, ಜೀಪನ್ನು ಬಂಡಿಯಷ್ಟು ಎತ್ತರ ಮಾಡಲು ಹೇಳಿದರು. ಅವನು ಹೊಸ ಕಮಾನುಗಳನ್ನೇ ಹೆಚ್ಚು ಬಾಗಿಸಿ ಕಟ್ಟಿ, ಒಂದು ಗೇಣು ಏರಿಸಿಕೊಟ್ಟ. ಪ್ರತಿ ಪಟ್ಟಿಯ ತುದಿಗೂ ಉಳಿಯಿಂದ ಮೂರು ಚುಕ್ಕಿ ಹೊಡೆದಿದ್ದ, ಅದು ಅವನ ಗುರುತು. ಜೀಪು ಓಡಿಸಲು ಸುಂಕಮ್ಮನ ಗಂಡ ಶ್ರೀರಾಮುಲುವನ್ನು ಇಟ್ಟುಕೊಂಡರು. ಅವನು ನಗುಮುಖದ ಹುಡುಗ, ಖಾಕಿ ಅಂಗಿ ಸಿಕ್ಕಿದ್ದೇ ಸ್ವರ್ಗ ಸಿಕ್ಕಂತೆ ಓಡಾಡಿದ.

ಎರಡನೇ ವರ್ಷದ ಹತ್ತಿ ಸುಗ್ಗಿ ಶುರುವಾಗುವ ಹೊತ್ತಿಗೆ ಜೀಪು ಹಿಂದಿನ ಬಲಗಡೆಗೆ ವಾಲತೊಡಗಿತು. ಸಾಹುಕಾರರು ಕಮಾನು ಕೆಟ್ಟಿತು ಎಂದರು. ಓಬಳೇಶನಿಗೆ ಆ ಮಾತು ಮೈಮೇಲೆ ಕೆಂಡ ಬಿದ್ದಂತಾಯಿತು. ಅವನಿಗೆ ಹೊಲ ಇರಲಿಲ್ಲ, ಓದು ಇರಲಿಲ್ಲ. ಇದ್ದದ್ದು ಆ ಮೂರು ಚುಕ್ಕಿಯ ಹೆಸರೊಂದೇ.

ಜಿನ್ನಿನ ಸಿಮೆಂಟು ಅಂಗಳದಲ್ಲಿ, ನೆಲ ಮಟ್ಟಸವಿದ್ದಲ್ಲಿ ಜೀಪು ನಿಲ್ಲಿಸಲು ಹೇಳಿದ. ಟೈರುಗಳಿಗೆ ಸಮನಾಗಿ ಗಾಳಿ ಹೊಡೆಸಿದ. ಒಳಗಿದ್ದ ಸಾಮಾನೆಲ್ಲ ಕೆಳಗಿಳಿಸಿದ. ಚಕ್ರದ ನಡುವಿನಿಂದ ಮಡ್‌ಗಾರ್ಡಿನವರೆಗೆ ದಾರ ಹಿಡಿದು ಎರಡೂ ಕಡೆ ಅಳೆದ. ಬಲಗಡೆ ಎರಡು ಬೆರಳು ತಗ್ಗು. ಆಮೇಲೆ ಹಿಂದಿನ ಎರಡೂ ಕಮಾನು ಬಿಚ್ಚಿ, ಪಟ್ಟಿಗಳನ್ನು ಬೇವಿನ ಕೊಂಬೆಗೆ ತೂಗುಹಾಕಿ ಬಡಿದ. ಹದಿನಾರೂ ಪಟ್ಟಿ ಖಣ್ಣೆಂದವು.

"ಈಗ ಎತ್ತು ಬದಲಿಸಿ ನೋಡೂಣು," ಎಂದ.

ನಮ್ಮ ಕಡೆಯ ಒಕ್ಕಲಿಗರಿಗೆ ಇದು ಗೊತ್ತು. ಬಂಡಿ ಒಂದು ಕಡೆಗೆ ಎಳೆದರೆ ಎಡದ ಎತ್ತನ್ನು ಬಲಕ್ಕೆ, ಬಲದ ಎತ್ತನ್ನು ಎಡಕ್ಕೆ ಹೂಡಿ ನೋಡುತ್ತಾರೆ. ಎಳೆತವೂ ಎತ್ತಿನ ಜೊತೆ ಇನ್ನೊಂದು ಕಡೆಗೆ ಹೋದರೆ ಎತ್ತಿನ ದೋಷ. ಇದ್ದಲ್ಲೇ ಇದ್ದರೆ ನೊಗದ ದೋಷ. ಓಬಳೇಶ ಬಲಗಡೆಯ ಕಮಾನನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಹಾಕಿದ. ಜೀಪು ಮತ್ತೆ ಬಲಕ್ಕೇ ವಾಲಿತು, ಮತ್ತೆ ಅದೇ ಎರಡು ಬೆರಳು. ಅವನು ಅಂಗಾತ ಮಲಗಿ ಅಡಿಗೆ ಸರಿದು, ಗಾಡಿಯನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟಾದ ಚಾಸಿಗೆ ಬಳಿದಿದ್ದ ಡಾಂಬರನ್ನು ಉಳಿಯಿಂದ ಕೆರೆದ. ಬಲಗಡೆಯ ಕಮಾನು ನೇತಾಡುವ ಜಾಗದ ಹತ್ತಿರ ಹಳೆಯ ಬೆಸುಗೆ, ಅದರ ಪಕ್ಕದಲ್ಲಿ ಬಿರುಕು. ಯಾವುದೋ ಕಾಲದಲ್ಲಿ ಮುರಿದಿದ್ದನ್ನು ಬೆಸೆದು, ಡಾಂಬರು ಬಳಿದು, ಹರಾಜಿಗೆ ಬಿಟ್ಟಿದ್ದರು.

"ಸಾವ್ಕಾರ್ರ, ಕಮಾನು ಚಲೋ ಐತಿ. ಚಾಸಿ ಒಡದೈತಿ. ಇದನ್ನ ಹೊರಗ ಒಯ್ಯಬ್ಯಾಡ್ರಿ," ಎಂದ. ಹತ್ತಿ ಹೆಂಗಸರು, ಹಮಾಲರು, ಇಬ್ಬರು ದಲಾಲಿಗಳು, ನಾನು, ಎಲ್ಲರೂ ಅಲ್ಲೇ ನಿಂತಿದ್ದೆವು. ಅವನು ಮಾಡಿದ ಮೊದಲ ತಪ್ಪು ಅದೇ. ಹತ್ತಿಯ ಎಳೆ ತಿಕ್ಕಿ ನೋಡಿ ಅದು ಬೆಳೆದ ಊರು ಹೇಳಬಲ್ಲ ಚಂದ್ರಣ್ಣನವರು ಹರಾಜಿನಲ್ಲಿ ಮುರುಕು ಗಾಡಿ ಹಿಡಿದು ಬಂದರು ಎಂದು ಹತ್ತು ಜನರ ಮುಂದೆ ಹೇಳಿದಂತಾಯಿತು.

ಸಾಹುಕಾರರು ನಕ್ಕರು. "ಕುಣಿಯಲಾರದಾಕಿ ನೆಲ ಡೊಂಕು ಅಂದಳಂತ. ನಿನ್ನ ಕಮಾನು ನೆಟ್ಟಗ ಮಾಡಲೇ. ಹುಣ್ಣಿವಿಗೆ ಮಗಳ ಮದಿವಿ ಐತಿ, ಅಳಿಯನ್ನ ಇದರಾಗ ಮೆರವಣಿಗಿ ಮಾಡಬೇಕು. ಗಾಡಿ ವಾಲಿಕೆಂಡು ನಿಂತ್ರ ಮಂದಿ ಅಪಶಕುನ ಅಂತಾರ."

ಓಬಳೇಶ ಉಳಿ ಬಿಸಾಕಿ ಎದ್ದುಹೋದ. ಮರುದಿನ ಶ್ರೀರಾಮುಲು ಅವನ ಕುಲುಮೆಗೆ ಹೋದ. ಜಿನ್ನಿನ ಕೊಡಲಿಗಳನ್ನು ಸಾಣೆ ಹಿಡಿಸಲು ಹೋಗಿದ್ದ ನಾನೂ ಅಲ್ಲಿದ್ದೆ.

"ಬಾವ, ಹೆಂಗರ ಮಾಡಿ ನೆಟ್ಟಗ ನಿಲ್ಲಂಗ ಮಾಡು. ಇಲ್ಲಂದ್ರ ಗುಂತಕಲ್ಲಿಂದ ಬ್ಯಾರೆ ಫಿಟ್ಟರು, ಬ್ಯಾರೆ ಡ್ರೈವರು ಬರ್ತಾರಂತ. ಸುಂಕಿಗೆ ಎರಡು ಕೂಸು ಅದಾವ."

"ನೆಟ್ಟಗ ನಿಂದ್ರೂದು ಬ್ಯಾರೆ, ಗಟ್ಟಿ ಇರೂದು ಬ್ಯಾರೆ," ಎಂದ ಓಬಳೇಶ.

"ಮದಿವಿ ಮುಗೀಲಿ ಬಾವ. ಆಮ್ಯಾಲೆ ನಾನಾ ಹೇಳ್ತೀನಿ ಸಾವ್ಕಾರ್ಗೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ. ಓಬಳೇಶ ಬಲಗಡೆಯ ಕಮಾನಿಗೆ ಇನ್ನೆರಡು ಪಟ್ಟಿ ಸೇರಿಸಿದ. ಜೀಪು ನೆಟ್ಟಗೆ ನಿಂತಿತು. ಮದುವೆಯಲ್ಲಿ ಸೇವಂತಿಗೆ ಹೂವಿನಿಂದ ಮುಚ್ಚಿದ ಜೀಪನ್ನು ನೋಡಿ ಜನ ಭೇಷ್ ಎಂದರು. ವಾಲುವುದು ನಿಂತ ಮೇಲೆ ಚಾಸಿಯ ಮಾತು ಎತ್ತಿದವನು ಹುಚ್ಚನಾಗುತ್ತಾನೆ. ಓಬಳೇಶ ಎರಡು ಸಲ ಬಂದು ಎತ್ತಿದ. ಎರಡನೇ ಸಲ ಸಾಹುಕಾರರು ಅವನನ್ನು ಗೇಟಿನ ಒಳಗೇ ಬಿಡಬೇಡಿ ಎಂದರು. ಶ್ರೀರಾಮುಲು ತಾನು ಹೇಳುತ್ತೇನೆ ಎಂದಿದ್ದ ಮಾತನ್ನು ಕೊನೆಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನನಗೆ ಬಿರುಕು ಕಣ್ಣಾರೆ ಗೊತ್ತಿತ್ತು, ಸಾಹುಕಾರರು ನನಗೆ ದೂರದ ಸಂಬಂಧಿ ಕೂಡ. ಹೇಳಬಹುದಾಗಿದ್ದವನು ಬಾಯಿ ಮುಚ್ಚಿಕೊಂಡು ಕೂತೆ.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ, ಕೌತಾಳಂ ಕಡೆಯಿಂದ ತುಳಿದು ತುಂಬಿದ ಹತ್ತಿಯ ಅಂಡಿಗೆ ಚೀಲಗಳನ್ನು ಹೇರಿಕೊಂಡು ಬರುವಾಗ, ಹಳ್ಳದ ಇಳಿಜಾರಿನಲ್ಲಿ ಚಾಸಿ ಮುರಿಯಿತು. ಮಟಮಟ ಮಧ್ಯಾಹ್ನ. ಜೀಪು ಮಗುಚಿ ಶ್ರೀರಾಮುಲು ಅಡಿಗೆ ಸಿಕ್ಕ. ಹೊಲದವರು ಎತ್ತುವಷ್ಟರಲ್ಲಿ ಉಸಿರು ಹೋಗಿತ್ತು. ಹೆಣವನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿ, ಜೀಪಿನ ಮುರುಕನ್ನು ಅದರ ಹಿಂದೆ ಕಟ್ಟಿ ಜಿನ್ನಿಗೆ ತಂದರು. ಓಬಳೇಶ ಓಡಿ ಬಂದು, ಹೆಣದ ಕಡೆ ನೋಡುವ ಮೊದಲು ಕಮಾನಿನ ಕಡೆ ನೋಡಿದ. ಅದನ್ನು ಎಲ್ಲರೂ ಕಂಡರು, ಯಾರೂ ಮರೆಯಲಿಲ್ಲ. ಕಮಾನಿನ ಒಂದು ಪಟ್ಟಿಯೂ ಮುರಿದಿರಲಿಲ್ಲ.

ಮರುದಿನ ಪೊಲೀಸ್ ದಫೇದಾರ ಬರುವುದಕ್ಕೆ ಮುಂಚೆ ಸಾಹುಕಾರರು ಓಬಳೇಶನನ್ನು ಕಚೇರಿಗೆ ಕರೆಸಿ ಬಾಗಿಲು ಹಾಕಿಸಿದರು. ಒಳಗೆ ನಾವು ಮೂವರೇ.

"ಓಬಳೇಶ, ಚಾಸಿ ಒಡದಿತ್ತು ಅಂತಂದ್ರ ತಪ್ಪು ನಂದು. ಕೇಸು ನಡೀತೈತಿ, ವಕೀಲ್ರು ಬರ್ತಾರ, ಹತ್ತು ವರ್ಷ ಹೊಕ್ಕೈತಿ. ಅಲ್ಲೀತನ ನಿನ್ನ ತಂಗಿ ಏನು ತಿಂತಾಳ? ಕಮಾನು ಮುರೀತು ಅಂತ ನೀನಾ ಹೇಳು. ಆಕಿಗೆ ನಾಳಿಂದಾನ ಜಿನ್ನಿನಾಗ ಕೆಲಸ. ನಾನಿರೂತನಕ ಬಿಡಸೂದಿಲ್ಲ. ಲಿಂಗ ಮುಟ್ಟಿ ಹೇಳ್ತೀನಿ. ಆದ್ರ ಒಂದು. ಈ ಮಾತು ಆಕಿ ಕಿವಿಗೂ ಬೀಳಬಾರದು. ಬಿತ್ತೋ, ಆಕಿ ಕೆಲಸಾನೂ ಇಲ್ಲ, ಏನೂ ಇಲ್ಲ."

ಓಬಳೇಶ ಬೈಯುತ್ತಾನೆ ಎಂದುಕೊಂಡೆ, ಬೈಯಲಿಲ್ಲ.

"ರೋಗ ಕಂಡೂ ಮುಚ್ಚಿದವ ನಾನಾ," ಎಂದ. "ವಾಲಿಕೆಂಡಾ ಬಿಟ್ಟಿದ್ರ ಯಾರರ ಹೆದರತಿದ್ರು. ಬರೀರಿ ಏಕಾಂತಪ್ಪನವರ."

ನಾನು ಬರೆದೆ. ಆಗ ಠಾಣೆಯಲ್ಲಿ ತೆಲುಗು ಬಂದಿತ್ತು, ತೆಲುಗಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಿದೆ. "ನಾನು ಕಟ್ಟಿದ ಕಮಾನಿನ ಹದ ಕೆಟ್ಟಿದ್ದರಿಂದ." ಆ ಸಾಲಿಗೆ ಬಂದಾಗ ಅವನು ಕೈ ಎತ್ತಿ ಸಾಕು ಎಂದ. ಸಹಿ ಹಾಕಲು ಬಾರದು, ಹೆಬ್ಬೆಟ್ಟು ಒತ್ತಿದ. ಮಾಡಿದವನೇ ಒಪ್ಪಿಕೊಂಡ ಮೇಲೆ ದಫೇದಾರನಿಗೆ ಜೀಪಿನ ಅಡಿಗೆ ಬಗ್ಗಿ ನೋಡುವ ತಾಪತ್ರಯವೂ ಉಳಿಯಿತು. ಆಕಸ್ಮಿಕ ಎಂದು ಬರೆದುಕೊಂಡು, ಮಜ್ಜಿಗೆ ಕುಡಿದು ಹೋದ. ಚಾಸಿಯನ್ನು ಅದೇ ವಾರ ಗುಜರಿಗೆ ಹಾಕಿದೆವು. ಅಂಗಳದಲ್ಲಿ ಚಾಸಿಯ ಮಾತು ಕೇಳಿದ್ದವರೂ, ಅವನೇ ಒಪ್ಪಿಕೊಂಡ ಮೇಲೆ, ಅದು ಅವನು ಹೂಡಿದ ನೆಪ ಎಂದುಕೊಂಡರು.

ಒಂದು ಮಾತು ಹೇಳಬೇಕು, ಸಾಹುಕಾರರು ಕೊಟ್ಟ ಮಾತು ಉಳಿಸಿಕೊಂಡರು. ಸುಂಕಮ್ಮನಿಗೆ ಹತ್ತಿ ಹಸನು ಮಾಡುವ ಕೆಲಸ ಸಿಕ್ಕಿತು. ಅವಳು ಅಣ್ಣನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಟ್ಟಳು. ದಾರಿಯಲ್ಲಿ ಎದುರಾದರೆ ಸೆರಗು ಎಳೆದುಕೊಂಡು ಆಚೆ ಬದಿಗೆ ಹೋಗುತ್ತಿದ್ದಳು. ಊರು ಅವಳಿಗೆ ಶಹಬ್ಬಾಸ್ ಎಂದಿತು. ಓಬಳೇಶನ ಕುಲುಮೆಗೆ ಕುಡುಗೋಲು ತಟ್ಟಿಸಲು ಕೂಡ ಜನ ಬರುವುದು ನಿಂತಿತು. ತಂಗಿಯ ತಾಳಿ ಹರಿದ ಕೈ ಎಂದರು. ಅವನು ಆರು ತಿಂಗಳು ಬೆಂಕಿ ಇಲ್ಲದ ಕುಲುಮೆಯ ಮುಂದೆ ಕೂತು, ಕೊನೆಗೆ ಎಮ್ಮಿಗನೂರಿಗೆ ಹೋಗಿ ಮಗ್ಗಗಳ ಮೊಳೆ, ಕೊಂಡಿ ಬಡಿಯುವ ಕೂಲಿಯಾದ.

ಇನ್ನೊಂದು ಸಂಗತಿಯಿದೆ. ಜಿನ್ನಿನಲ್ಲಿ ಪಾಳಿಗೆ ಹೊಡೆಯುತ್ತಿದ್ದ ಹಳೆಯ ಗಂಟೆ ಬಿರಿದಿತ್ತು. ಯಾವ ವಸ್ತುವನ್ನೂ ಹಾಳು ಮಾಡದ ನಮ್ಮ ಸಾಹುಕಾರರು, ಶ್ರೀರಾಮುಲುವಿನ ತಿಥಿ ಮುಗಿದ ವಾರದಲ್ಲೇ, ಆ ಬಲಗಡೆಯ ಕಮಾನಿನ ಉದ್ದದ ಪಟ್ಟಿಯನ್ನು ಗೇಟಿನ ಪಕ್ಕ ತೂಗುಹಾಕಿಸಿದರು. ತುದಿಯಲ್ಲಿ ಹಗ್ಗ ಪೋಣಿಸಲು ಅನುಕೂಲವಾದ ಸುರುಳಿ ಇತ್ತು. ವಾಚ್‌ಮನ್ ಹನುಮಣ್ಣ ಬೆಳಿಗ್ಗೆ ಬಡಿದರೆ ಅದರ ದನಿ ಕೋಟೆಯ ಗುಡ್ಡದವರೆಗೆ ಹೋಗುತ್ತಿತ್ತು. ಹದ ಕೆಟ್ಟು ಮುರಿಯಿತು ಎಂದು ನಾನು ಬರೆದ ಕಮಾನು ದಿನಕ್ಕೆ ನಾಲ್ಕು ಸಲ ಖಣ್ಣೆಂದು ಉಲಿಯುತ್ತಿತ್ತು. ಸುಂಕಮ್ಮ ಆ ದನಿಗೆ ಒಳಗೆ ಬರುತ್ತಿದ್ದಳು, ಆ ದನಿಗೆ ಹೊರಗೆ ಹೋಗುತ್ತಿದ್ದಳು.

ಮೂರನೇ ವರ್ಷ ಓಬಳೇಶ ಎಮ್ಮಿಗನೂರಿನಲ್ಲಿ ಜ್ವರ ಬಂದು ಸತ್ತ. ಅವನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಗಾದಿಲಿಂಗಮ್ಮ ಸುಂಕಮ್ಮನಿಗೆ ಆಳು ಕಳಿಸಿದಳು. ಸುಂಕಮ್ಮ ಹೆಣ ನೋಡಲೂ ಹೋಗಲಿಲ್ಲ. ಆವತ್ತು ನನಗೆ ತಡೆಯಲಾಗಲಿಲ್ಲ. ಸತ್ತವನಿಗೆ ಯಾವ ಕರಾರು ಎಂದುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಹತ್ತಿ ಗುಡ್ಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದ ಅವಳ ಮುಂದೆ ನಿಂತೆ. ಬಾಗಿಲು ಹಾಕಿದ ಕಚೇರಿ, ಹೆಬ್ಬೆಟ್ಟು, ನನ್ನ ದುಂಡಗಿನ ಅಕ್ಷರ, ಎಲ್ಲ ಹೇಳಿದೆ. ಅಳುತ್ತಾಳೆ, ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದುಕೊಂಡಿದ್ದೆ. ಉಗಿದಿದ್ದರೆ ಚೆನ್ನಾಗಿತ್ತು.

ಅವಳು ರೊಟ್ಟಿ ಮಡಚಿ ಬುತ್ತಿ ಕಟ್ಟಿದಳು.

"ನಾನು ಕಮ್ಮಾರನ ಮಗಳ್ರಿ," ಎಂದಳು. "ಹನುಮಣ್ಣ ಮೊದಲ ದಿನ ಆ ಪಟ್ಟಿ ಬಡದಾಗಾನ ಗೊತ್ತಾತು. ಒಡಕು ಉಕ್ಕು ಹಂಗ ಉಲಿಯೂದಿಲ್ಲ. ನಮ್ಮಣ್ಣ ಯಾಕ ಒಪ್ಪಿಕೆಂಡ ಅಂಬೂದೂ ಆವತ್ತಾ ತಿಳೀತು."

"ಮತ್ತ ಅವನ ಕೂಡ ಯಾಕ ಮಾತಾಡಲಿಲ್ಲವಾ?"

"ಮಾತಾಡಿದ್ರ ನನಗ ಗೊತ್ತೈತಿ ಅಂತ ಸಾವ್ಕಾರ್ಗೆ ಗೊತ್ತಾಕ್ಕಿತ್ತು. ಎರಡು ಕೂಸು ಅದಾವಲ್ರಿ." ಕೈಯೊರೆಸಿಕೊಂಡು ನನ್ನ ಮುಖ ನೋಡಿದಳು. "ಸಾಯೂಮುಂದ ಸುಂಕಿ ಬಂದಾಳೇನು, ಸುಂಕಿ ಬಂದಾಳೇನು ಅಂತ ಕೇಳಿದನಂತ. ನೀವು ಸುಮ್ಮನಿದ್ರಿ, ನಾನೂ ಸುಮ್ಮನಿದ್ದೆ. ಅವ ಮಾತ್ರ ನನಗೇನೂ ಗೊತ್ತಿಲ್ಲಂತ ತಿಳಕೊಂಡಾ ಸತ್ತ."

ಅಷ್ಟರಲ್ಲಿ ಹನುಮಣ್ಣ ಗೇಟಿನ ಪಟ್ಟಿ ಬಡಿದ. ಸುಂಕಮ್ಮ ಒಂದು ಕ್ಷಣ ತಲೆ ಓರೆ ಮಾಡಿ ನಿಂತಳು. ಆಮೇಲೆ ಸೆರಗಿಗೆ ಅಂಟಿದ ಹತ್ತಿ ಕೊಡವಿಕೊಂಡು ಒಳಗೆ ಹೋದಳು. ಹೊತ್ತಾಗುತ್ತದೆಂದು ನಾನೂ ಹೋದೆ.