ಮಡಿಯ ನೆಪ

ಧಾರವಾಡದ ಒಂದು ಕಾಲೇಜಿನಲ್ಲಿ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಮನುಷ್ಯನ ಹುಟ್ಟುಪ್ರವೃತ್ತಿಯ ಪಾಠ ಬಂದರೆ ನನಗೆ ಎಲ್ಲಿಲ್ಲದ ಹುರುಪು. ಯಂತ್ರಗಳು ಎಷ್ಟೇ ಬುದ್ಧಿ ಕಲಿಯಲಿ, ಆಪತ್ತಿನಲ್ಲಿ ಪಕ್ಕದವರ ಕೈ ಹಿಡಿಯುವುದನ್ನು ಅವುಗಳಿಗೆ ಯಾರೂ ಕಲಿಸಲಾರರು, ನಮಗೆ ಯಾರೂ ಕಲಿಸಬೇಕಾಗಿಲ್ಲ, ಮನುಕುಲದ ನಾಳೆಯ ಬಗ್ಗೆ ಹೆದರಬೇಡಿ ಎಂದು ಪ್ರತಿವರ್ಷ ಭಾಷಣ ಬಿಗಿಯುತ್ತಿದ್ದೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು, ನಾನು ಉಬ್ಬುತ್ತಿದ್ದೆ.

ನಮ್ಮ ಮನೆ ಹಳೇ ಹುಬ್ಬಳ್ಳಿಯ ಓಣಿಯಲ್ಲಿ. ಇರುವವರು ನಾನು, ಗಂಡ, ಅತ್ತೆ. ಅತ್ತೆ ಉಪ್ಪಿನಬೆಟಗೇರಿಯವರು, ವಯಸ್ಸು ಎಂಬತ್ತರ ಹತ್ತಿರ, ಎರಡೂ ಮೊಣಕಾಲು ಕೈಕೊಟ್ಟಿವೆ. ಆದರೂ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಹಾಕಿದ ಸೀರೆ ಉಟ್ಟು ದೇವರ ಮುಂದೆ ಕೂತರೆ, ಒಂದು ತಾಸು ಅವರನ್ನು ಯಾರೂ ಸೋಕುವಂತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಸೆರಗು ತಾಗಿತೆಂದು ಮತ್ತೆ ಸ್ನಾನ ಮಾಡಿದ್ದರು. ಅಲ್ಲಿಂದ ಇಪ್ಪತ್ತು ವರ್ಷ ನಾನು ಮಾರು ದೂರದಲ್ಲೇ ಓಡಾಡಿದ್ದೇನೆ, ಒಳಗೊಳಗೇ ಗೊಣಗುತ್ತ.

ಕಳೆದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಗಂಡ ಕೆಲಸಕ್ಕೆ ಹೋಗಿದ್ದ. ಅತ್ತೆ ಪೂಜೆಗೆ ಕೂತಿದ್ದರು. ನಾನು ಚಪಾತಿ ಮಾಡುತ್ತಿದ್ದಾಗ ಗ್ಯಾಸಿನ ಪೈಪು ಸೋರಿ ಭಗ್ ಎಂದು ಬೆಂಕಿ ಹತ್ತಿತು. ಲಟ್ಟಣಿಗೆ ಎಸೆದು ಓಡಿದೆ. ಓಣಿಯಲ್ಲಿ ನಿಂತು ಕೂಗಿಕೊಂಡೆ. ಎದುರುಮನೆಯ ಟೇಲರ್ ಕಾಕಾ ಒದ್ದೆ ಗೋಣಿಚೀಲ ಹಿಡಿದು ಒಳಗೆ ನುಗ್ಗಿ, ಬೆಂಕಿ ಆರಿಸಿ ಸಿಲಿಂಡರ್ ಬಂದ್ ಮಾಡಿದರು. ಬರುವಾಗ ಅತ್ತೆಯನ್ನು ಎತ್ತಿಕೊಂಡೇ ಬಂದರು. ಮಡಿ ಗಿಡಿ ಅವರಿಗೆ ಹೊಳೆಯಲೇ ಇಲ್ಲ. ಆಗ ನೋಡಿಕೊಂಡೆ, ನನ್ನ ಕೈಯಲ್ಲಿ ಮೊಬೈಲ್ ಇತ್ತು. ಅದನ್ನು ಚಾರ್ಜಿಗೆ ಹಾಕಿದ್ದು ದೇವರ ಕೋಣೆಯ ಬಾಗಿಲ ಪಕ್ಕದಲ್ಲಿ. ಅಷ್ಟು ಹತ್ತಿರ ಹೋಗಿ ಬಂದಿದ್ದೆ.

ನೆರೆದ ಹೆಂಗಸರಲ್ಲಿ ಒಬ್ಬಾಕೆ ಕೇಳಿಯೇ ಬಿಟ್ಟಳು. "ಅತ್ತೀನ್ನ ಒಳಗ ಬಿಟ್ಟು ಬಂದ್ರೇನ್ರೀ?"

"ಮಡೀಲೆ ಇದ್ರರೀ, ಹೆಂಗ ಮುಟ್ಟಲಿ?" ಎಂದೆ. ಎಲ್ಲಿಂದ ಬಂತೋ ಆ ಮಾತು.

ಅತ್ತೆ ಕೆಮ್ಮುತ್ತಲೇ ಅಂದರು, "ಹೌದವ್ವ. ನಾನ ಮುಟ್ಟಬ್ಯಾಡ ಅಂದೆ."

ಈಗಿನ ಕಾಲದಾಗ ಅತ್ತಿ ಮಾತು ಮೀರದ ಇಂಥಾ ಸೊಸಿ ಎಲ್ಲಿ ಸಿಗತಾಳ ಎಂದು ಹೆಂಗಸರು ನನ್ನನ್ನು ಹೊಗಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅತ್ತೆ ಹಾಗೆ ಅಂದಿರಲಿಲ್ಲ. ನನಗೆ ಮಡಿಯೂ ನೆನಪಾಗಿರಲಿಲ್ಲ, ಅತ್ತೆಯೂ ನೆನಪಾಗಿರಲಿಲ್ಲ.

ನಾಲ್ಕು ದಿನ ಬಿಟ್ಟು ತರಗತಿಯಲ್ಲಿ ಅದೇ ಪಾಠ ಬಂತು. ಭಾಷಣಕ್ಕೆ ಬಾಯಿ ಬರಲಿಲ್ಲ. ನೋಟ್ಸ್ ಬರೆಸಿ ಹುಡುಗರನ್ನು ಬೇಗ ಬಿಟ್ಟುಬಿಟ್ಟೆ. ಬಸ್ಸಿನಲ್ಲಿ ಹುಬ್ಬಳ್ಳಿ ತಲುಪುವತನಕ ಒಂದೇ ಯೋಚನೆ, ಇವತ್ತು ಹೇಳಿಬಿಡಬೇಕು. ಸಂಜೆ ಅತ್ತೆ ಮೆಂತೆಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದರು. ಹೋಗಿ ಎದುರಿಗೆ ಕೂತೆ.

"ಅತ್ತ್ಯಾರ, ಅವತ್ತ ನೀವು ಮುಟ್ಟಬ್ಯಾಡ ಅಂದಿರಲಿಲ್ರಿ. ಹೆದರಿ ನಿಮ್ಮನ್ನ ಮರತ ಬಿಟ್ಟಿದ್ದೆ. ತಪ್ಪಾತ್ರಿ."

ಅವರು ಪಲ್ಯದಿಂದ ಕಣ್ಣೆತ್ತಲಿಲ್ಲ. "ಮರತಿರಲಿಲ್ಲ ನೀ. ಕೈ ಹಿಡಿಯವ್ವಾ ಅಂತ ಒದರಿದೆ. ತಿರುಗಿ ನನ್ನ ಮಾರಿ ನೋಡಿದಿ. ಫೋನ್ ತಗೊಂಡು ಹೋದಿ."

ಆಣೆ ಮಾಡಿ ಹೇಳುತ್ತೇನೆ, ಆ ಕೂಗು ನನ್ನ ನೆನಪಿನಲ್ಲಿಲ್ಲ. ತಿರುಗಿ ನೋಡಿದ್ದೂ ಇಲ್ಲ. ಈಗಲೂ ತಡಕಾಡುತ್ತೇನೆ, ಸಿಗುವುದಿಲ್ಲ. ಅರಿವು ಅರಿವು ಎಂದು ಇಷ್ಟು ವರ್ಷ ಕಲಿಸಿದೆನಲ್ಲ, ಅದು ಸದ್ದಿಲ್ಲದೆ ಅಷ್ಟನ್ನು ಮಾತ್ರ ಒರೆಸಿ ಹಾಕಿ, ಬರೀ ಮರೆವು ಎಂಬ ಸಣ್ಣ ತಪ್ಪನ್ನು ನನಗೆ ಉಳಿಸಿಕೊಟ್ಟಿತ್ತು. ಆ ಸಣ್ಣ ತಪ್ಪನ್ನೇ ಒಪ್ಪಿಕೊಂಡು ಹಗುರಾಗಲು ನಾನು ಹೋಗಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಅತ್ತೆ ಮಾಮೂಲಿ ಸೀರೆಯಲ್ಲೇ ಪೂಜೆಗೆ ಹೊರಟರು. ಅರವತ್ತು ವರ್ಷದ ಮಡಿ ಬಿಟ್ಟಿದ್ದರು. ಸೀರಿ ಒಣಹಾಕಾಕ ಕೈ ಮ್ಯಾಲೆ ಏಳಂಗಿಲ್ಲಪಾ ಎಂದು ಮಗನಿಗೆ ಹೇಳಿದರು. ಅವನು ನಂಬಿದ. ಅವನು ಹೊರಗೆ ಹೋದ ಮೇಲೆ ಅವರು ನನ್ನ ತೋಳು ಹಿಡಿದು ನಿಧಾನಕ್ಕೆ ಮಣೆಯ ಮೇಲೆ ಕೂತು, ಗಂಟೆ ಕೈಗೆತ್ತಿಕೊಳ್ಳುವ ಮೊದಲು ಹೇಳಿದರು:

"ಮತ್ತ ಹಂಗೇನರ ಆದ್ರ, ಮುಟ್ಟಾಕ ಅಡ್ಡಿ ಇಲ್ಲ ನೋಡು ನಿನಗ."