ಡ್ರಮ್ಮಿನೊಳಗಿನ ಕುಂಕುಮ

ಸ್ವಾತಂತ್ರ್ಯ ಬಂದ ಹೊಸದು. ನನ್ನ ಹಳೇ ಕಾರಿನ ಸವೆದ ಬ್ರೇಕ್ ಡ್ರಮ್ಮುಗಳನ್ನು ನಾನೇ ಬದಲಾಯಿಸೋಣ ಅಂತ ಅಂಗಳದಲ್ಲಿ ಕೂತೆ. ಪಕ್ಕದ ಮನೆಯ ಶ್ಯಾಮರಾಯರು ಕುರ್ಚಿ ತರಿಸಿಕೊಂಡು ಎದುರಿಗೇ ಕೂತರು. ಅರಮನೆ ನೌಕರಿಯಿಂದ ನಿವೃತ್ತರಾಗಿದ್ದರೂ ಅರಮನೆಯ ಗತ್ತು ಬಿಟ್ಟವರಲ್ಲ.

ನಾನು ತುಕ್ಕು ಹಿಡಿದ ಬೋಲ್ಟಿನ ಜೊತೆ ಗುದ್ದಾಡುತ್ತಿದ್ದರೆ, "ಅರಮನೆ ಮೋಟಾರಿಗೆ ಬ್ರೇಕೇ ಬೇಕಿರಲಿಲ್ಲ ಕಣ್ರೀ, ಜನವೇ ಸರೀತಿದ್ರು" ಅಂದರು.

ನಾನು ಒಳಗೆ ಹೋಗಿ ಕಾಫಿ ಕುಡಿದು ಬರುವಷ್ಟರಲ್ಲಿ ರಾಯರು ಹೊಸ ಡ್ರಮ್ಮುಗಳಿಗೆ ಪೂಜೆ ಮಾಡಿ, ನಾಲ್ಕರ ಒಳಗೂ ತುಪ್ಪದಲ್ಲಿ ಕಲೆಸಿದ ಕುಂಕುಮ ಮೆತ್ತಿದ್ದರು. ಹೊರಗೆ ಹಚ್ಚಿದರೆ ಧೂಳು ಕೂರುತ್ತದಂತೆ!

"ಜಿಡ್ಡಾದ್ರೆ ಬ್ರೇಕ್ ಹಿಡಿಯೋಲ್ಲ ಸ್ವಾಮಿ" ಅಂದೆ.

"ದೇವರ ಕುಂಕುಮ ಒರೆಸ್ತೀರಾ?" ಅಂದರು. ಕಿಟಕಿಯಲ್ಲಿ ನನ್ನ ಹೆಂಡತಿಯೂ ಅದೇ ಪ್ರಶ್ನೆಯ ಮುಖ ಹೊತ್ತು ನಿಂತಿದ್ದಳು. ಒರೆಸುವ ಧೈರ್ಯವಾಗದೆ ಹಾಗೇ ಜೋಡಿಸಿದೆ.

ಮೊದಲ ಸವಾರಿಗೆ ರಾಯರು ಜರಿಪೇಟ ಸುತ್ತಿಕೊಂಡು ನನ್ನ ಪಕ್ಕ ಕೂತರು. ಊರಾಚೆ ಕೆಸರೆ ಕಡೆಯ ಇಳಿಜಾರಿನಲ್ಲಿ ಹುಲ್ಲಿನ ಗಾಡಿಯೊಂದು ಅಡ್ಡ ನಿಂತಿತ್ತು. ಇದ್ದ ಬಲವೆಲ್ಲ ಹಾಕಿ ಬ್ರೇಕ್ ತುಳಿದೆ. ಕಾರು ಕೇಳಿಸಿಕೊಳ್ಳಲೇ ಇಲ್ಲ. ರಾಯರು ಕಿಟಕಿಯಾಚೆ ತಲೆ ಹಾಕಿ, "ದಾರಿ ಬಿಡ್ರೋ, ಅರಮನೆಯವರು!" ಅಂತ ಕೂಗಿದರು. ಗಾಡಿಯವನು ಕದಲಲಿಲ್ಲ. ನಾವು ಹೋಗಿ ಹುಲ್ಲಿನೊಳಗೆ ಹುದುಗಿದೆವು.

ಗಾಡಿಯವನು ಹುಲ್ಲಿನಲ್ಲಿ ಬಿದ್ದಿದ್ದ ಪೇಟ ಹೆಕ್ಕಿ, ಕೊಡವಿ, ರಾಯರ ಕೈಗಿಟ್ಟು, "ಆ ಕಾಲ ಓಯ್ತು ಬುಡಿ ಬುದ್ಧಿ. ಈಗ ಅರಮನೆಯೋರೂ ಬ್ರೇಕ್ ಆಕ್ಬೇಕು" ಅಂದ.

ರಾಯರು ಕೇಳಿಸದವರಂತೆ ನನ್ನ ಕಡೆ ತಿರುಗಿದರು. "ಒಂದು ಗೀರೂ ಆಗಿಲ್ಲ ನೋಡಿ. ಎಲ್ಲಾ ಆ ಕುಂಕುಮದ ಮಹಿಮೆ!"

ಅದರ ಮಹಿಮೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?