ಖಣ ಕಟ್ಟಿದ ಕೊಡ

ಮೊನ್ನೆ ಚಹಾದಂಗಡಿಯವನು ಉರಿಯುವ ಕಲ್ಲಿದ್ದಲಿಗೆ ನೀರು ಸುರಿದ. ಆ ಹಸಿ ಹೊಗೆಯ ವಾಸನೆ ಬಂದದ್ದೇ ತಡ, ಚಿತ್ತಾಪುರ ಮತ್ತು ಸೇಡಂ ನಡುವಿನ ಆ ಪುಟ್ಟ ಸ್ಟೇಷನ್ ನೆನಪಾಯಿತು...

ಆಗ ನಿಜಾಮರ ಕಾಲ. ನನ್ನವರು ಅಲ್ಲಿ ಸ್ಟೇಷನ್ ಮಾಸ್ತರರು. ನಾಲ್ಕು ಕ್ವಾರ್ಟರ್ಸು, ಶಾಬಾದಿ ಕಲ್ಲಿನ ನೆಲ, ಸುತ್ತ ತೊಗರಿ ಹೊಲ. ಇದೂ ಒಂದು ಊರೇ ಎಂದು ಮದುವೆಯಾಗಿ ಬಂದ ಹೊಸತರಲ್ಲಿ ಮೂಗು ಮುರಿದಿದ್ದೆ. ಪಕ್ಕದ ಮನೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ನನ ಹೆಂಡತಿ. ಎಲ್ಲರಿಗೂ ಆಕೆ ಕಾಕಿ. ಬಾಯಿ ಜೋರು; ಮಾಸ್ತರರೆಂದು ನನ್ನವರಿಗೂ ರಿಯಾಯಿತಿ ಇರಲಿಲ್ಲ.

ಹೆರಿಗೆಗೆ ತೆಂಗಳಿಯ ತವರಿಗೆ ಹೊರಡುವ ಮೊದಲೇ, ಜಿಟಿಜಿಟಿ ಮಳೆಯ ಒಂದು ಮುಂಜಾನೆ, ದಿನ ತುಂಬದೆ ಹೆತ್ತೆ. ಕಾಕಿಯೇ ಹೆರಿಗೆ ಮಾಡಿಸಿದಳು. ಕೂಸು ಅತ್ತಿತು, ಆಮೇಲೆ ಮೈ ತಣ್ಣಗಾಗತೊಡಗಿತು. ಕಟ್ಟಿಗೆಯೆಲ್ಲ ತೊಯ್ದು ಒಲೆ ಬರೀ ಹೊಗೆಯಾಡುತ್ತಿತ್ತು. ಕಾಕಿ ಕೂಸನ್ನು ನನ್ನ ಎದೆಗೆ ಒತ್ತಿಟ್ಟು, ತನ್ನ ಕೊಡದ ಕೊರಳಿಗೆ ಕುಬಸದ ಖಣವೊಂದನ್ನು ಕಟ್ಟಿ, ಬರಲಿದ್ದ ಮಾಲಗಾಡಿಗೆಂದು ಹೊರಟಳು.

"ಮಾಲಗಾಡಿ ಇಲ್ಲಿ ನಿಲ್ಲಂಗಿಲ್ಲ ಕಾಕಿ. ನಿಲ್ಲಸ್ಲಿಕ್ಕ ನನಗ ಹುಕುಂ ಇಲ್ಲ," ಎಂದರು ಇವರು ಬಾಗಿಲಾಚೆಯಿಂದ.

"ನೀವ್ ನಿಲ್ಲಸಬ್ಯಾಡ್ರಿ ಮಾಸ್ತರ್, ಸುಮ್ನ ನಿಂದರ್ರಿ. ನಿಲ್ಲಸಾಂವ ಡ್ರೈವರ್ ಇದ್ದಾನ."

ಮಂಚದಿಂದಲೇ ಕಿಟಕಿಯಲ್ಲಿ ಕಂಡೆ. ಕಾಕಿ ಕೊಡ ಎತ್ತಿ ಹಿಡಿದು ಮಳೆಯಲ್ಲಿ ನಿಂತಿದ್ದಳು. ಖಣ ಕಟ್ಟಿದ ಕೊಡ ಕಂಡರೆ ಬಾಣಂತಿಗೆ ಬಿಸಿನೀರು ಬೇಕೆಂದು ಆ ಲೈನಿನ ಡ್ರೈವರುಗಳಿಗೆಲ್ಲ ಗೊತ್ತಿತ್ತಂತೆ. ಓಡಿ ಬಂದ ಗಾಡಿ ಕೀರುಗುಡುತ್ತ ನಿಂತೇಬಿಟ್ಟಿತು. ಇಂಜಿನ್ನಿನಿಂದ ಕುದಿಯುವ ನೀರು ಕೊಡಕ್ಕೆ ಇಳಿಯಿತು. ಕಾಕಿ ಅದನ್ನು ತಂಬಿಗೆಗಳಿಗೆ ತುಂಬಿ, ಅರಿವೆ ಸುತ್ತಿ, ಕೂಸಿನ ಎರಡೂ ಬದಿಗಿಟ್ಟಳು.

ಒಂದು ಕೊಡದ ಬಿಸಿ ಎಷ್ಟು ಹೊತ್ತು ಇದ್ದೀತು? ಆದರೆ ಆ ಡ್ರೈವರ್ ಮುಂದಿನ ಸ್ಟೇಷನ್ನುಗಳಲ್ಲೆಲ್ಲ ಹೇಳುತ್ತ ಹೋಗಿದ್ದ. ವಾಡಿ ಕಡೆಯಿಂದ ಬಂದದ್ದು, ತಾಂಡೂರು ಕಡೆಯಿಂದ ಬಂದದ್ದು, ಪ್ರತಿ ಗಾಡಿಯೂ ನಿಂತು ಕೊಡ ತುಂಬಿಯೇ ಹೊರಟಿತು. "ಕೂಸು ಹ್ಯಾಂಗದ?" ಎಂದು ಮುಖ ಕಾಣದ ಜನ ಇಂಜಿನ್ನಿನಿಂದ ಕೇಳುತ್ತಿದ್ದರು. ನಾಲ್ಕು ಮನೆಯ ಊರೆಂದು ನಾನು ಜರಿದದ್ದು ವಾಡಿಯಿಂದ ತಾಂಡೂರಿನವರೆಗೂ ಹಬ್ಬಿತ್ತು!

ಕೂಸು ಬೆಚ್ಚಗಾಯಿತು, ಉಳಿಯಿತು. ಈ ಪದ್ಧತಿ ಯಾರದೆಂದು ಒಮ್ಮೆ ಕಾಕಿಯನ್ನೇ ಕೇಳಿದೆ.

"ನಂದೂ ಒಂದು ಕೂಸಿತ್ತವ್ವಾ," ಎಂದಳು. "ಅವತ್ತ ಗಾಡಿ ನಿಲ್ಲಲಿಲ್ಲ. ಆಮ್ಯಾಲ ನಾನೇ ಎಲ್ಲಾ ಡ್ರೈವರಗೋಳಿಗಿ ಹೇಳಿಟ್ಟೆ..."

ಗಂಡನಿಗೆ ವರ್ಗವಾಗಿ ಕಾಕಿ ಹೊರಟುಹೋದಳು. ಮತ್ತೆ ಸುದ್ದಿಯಿಲ್ಲ. ಆ ಕೂಸು, ನನ್ನ ಮಗಳು, ಈಗ ತನ್ನ ಮೊಮ್ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾಳೆ. ಮಕ್ಕಳಿಲ್ಲದ ಕಾಕಿಯ ಕೈಕಾಲು ತಣ್ಣಗಾಗುವ ಹೊತ್ತಿಗೆ ಬದಿಗೆ ಯಾರಿದ್ದರೋ... ನಾವಂತೂ ಇರಲಿಲ್ಲ.